ಗಿಣಿಯ ಹೇಳಿಕೆ

ಫೆಬ್ರವರಿ ೯

ಅತ್ತಿಗೆಗೆ ನಮಸ್ಕಾರಗಳು.

ಅಣ್ಣನಿಗೇ ಬರೆಯಬೇಕೆಂದಿದ್ದೆ. ಆದರೆ ಇದು ನಿಮ್ಮ ಇಲಾಖೆಗೆ ಸೇರಿದ ವಿಷಯ. ಇಂಗ್ಲಿಷ್ ಬಾರದೆ ನನಗೆ ಈ ಪರದೇಶದ ಆಸ್ಪತ್ರೆಯ ಲಾಂಡ್ರಿಯಲ್ಲಿ ಪ್ರಾಣಸಂಕಟವಾಗಿದೆ. ಬಂದು ವರ್ಷವಾಗುತ್ತ ಬಂತು, ಇನ್ನೂ ಕೈಸನ್ನೆಯಲ್ಲೇ ಬದುಕು. ಚಿಕ್ಕವಳಿದ್ದಾಗ ನನ್ನ ಬಾಯಿ ತಾಳಲಾರದೆ ಅಣ್ಣ ಗಿಣಿ ಎಂದು ಹೆಸರಿಟ್ಟ. ಇಲ್ಲಿ ನನ್ನನ್ನು ನೋಡಿದರೆ ಹೆಸರು ವಾಪಸು ತೆಗೆದುಕೊಂಡಾನು.

ಮೊನ್ನೆ ನಡೆದದ್ದು ಕೇಳಿ. ಒಗೆಯುವ ಮಷೀನಿನ ಪೈಪು ಸೋರಿ ನೆಲದ ಮೇಲೆಲ್ಲ ಕುದಿಯುವ ನೀರು ಹರಿದಿತ್ತು. ರಿಪೇರಿಯವನು ಬರೀ ಚಪ್ಪಲಿಯಲ್ಲಿ ಬರುತ್ತಿದ್ದ. ನಾನು ಗಾಬರಿಯಿಂದ ಕೂಗಿದೆ, "ವಾಟರ್ ಹಾಟ್?" ನೀರು ಬಿಸಿಯಿದೆ ಕಣಯ್ಯ, ಬರಬೇಡ ಅಂತ ನನ್ನ ಅರ್ಥ. ಅವನು ನಿಂತು, ತಲೆಯಾಡಿಸಿ, "ಯೆಸ್, ಹಾಟ್" ಎಂದು ನನಗೆ ಸಮಾಧಾನ ಹೇಳಿ ಕಾಲಿಟ್ಟೇಬಿಟ್ಟ. ಪಾದದ ತುಂಬ ಬೊಬ್ಬೆ. "ನೀನು ಕೇಳಿದೆ, ನಾನು ಉತ್ತರ ಕೊಟ್ಟೆ" ಎಂದು ಈಗಲೂ ಗೊಣಗುತ್ತಾನೆ. ನಾನು ಏನು ಹೇಳಿದರೂ ಇವರ ಕಿವಿಗೆ ಅದು ಪ್ರಶ್ನೆಯಾಗಿ ಬೀಳುತ್ತದೆ.

ಇಂಗ್ಲಿಷ್ ಬಾರದವರನ್ನು ಕೆಳಗಿನ ಕೋಣೆಗೆ ಕಳಿಸುತ್ತೇನೆಂದು ಸೂಪರ್‌ವೈಸರ್ ಹೇಳಿದ್ದಾನೆ. ವಾರ್ಡುಗಳಿಂದ ಬಂದ ಕೊಳಕು ಬಟ್ಟೆ ಬೇರೆ ಮಾಡುವ ಕೋಣೆ ಅದು. ಕಿಟಕಿಯೂ ಇಲ್ಲ. ಈಗ ನಾನಿರುವುದು ಇಸ್ತ್ರಿ ಮಷೀನಿನ ಹತ್ತಿರ, ರೋಲರ್ ಎನ್ನುವ ಕಾದ ಉರುಳೆಗಳ ನಡುವೆ ಚಾದರ ಹಾಯಿಸುವ ಕೆಲಸ. ನನ್ನ ಜೊತೆ ಚಾದರ ಹಿಡಿಯುವವಳು ನನಗಿಂತ ಮೊಳ ಎತ್ತರ. ಅವಳ ಭಾಷೆ ಬೇರೆ, ನನ್ನದು ಬೇರೆ. ನಾನು "ಉದ್ದಕ್ಕ" ಎನ್ನುತ್ತೇನೆ, ಅವಳು ಓಗೊಡುತ್ತಾಳೆ.

ಊರಿನ ಮಕ್ಕಳಿಗೆಲ್ಲ ಇಂಗ್ಲಿಷ್ ಕಲಿಸಿದವರು ನೀವು, ಮನೆಯ ನಾದಿನಿಯನ್ನು ಬಿಟ್ಟುಬಿಟ್ಟಿರಿ. ಈಗಲಾದರೂ ಕಲಿಸಿ.

ಅಣ್ಣ ಹೇಗಿದ್ದಾನೆ? ಹೊಸ ವರ್ಷದಿಂದ ಅವನ ಒಂದು ಸಾಲೂ ಇಲ್ಲ.

ನಿಮ್ಮ,
ಗಿಣಿ


ಫೆಬ್ರವರಿ ೨೬

ಪ್ರೀತಿಯ ಗಿಣಿ,

ಬಹಳ ದಿನದ ಮೇಲೆ ನಿನ್ನ ಕಾಗದ ಓದಿ ನಕ್ಕೆ. ಆ ರಿಪೇರಿಯವನ ಪಾದಗಳನ್ನು ನಾನು ವಿಚಾರಿಸಿದೆನೆಂದು ಹೇಳು. ಹೇಗೆ ಹೇಳುತ್ತೀಯೋ, ಅದು ನಿನಗೆ ಬಿಟ್ಟದ್ದು.

ಪಾಠಕ್ಕೆ ಬರೋಣ. ವಾಕ್ಯಗಳಲ್ಲಿ ಕೇಳುವುದೊಂದು, ಆಜ್ಞೆ ಮಾಡುವುದೊಂದು, ಅಯ್ಯೋ ಎಂದು ಉದ್ಗರಿಸುವುದೊಂದು. ಇವೆಲ್ಲ ಸದ್ಯಕ್ಕೆ ಪಕ್ಕಕ್ಕಿರಲಿ. ನಿನಗೆ ಬೇಕಾದದ್ದು ಹೇಳಿಕೆ ವಾಕ್ಯ. ಒಂದು ಸಂಗತಿಯನ್ನು ತಿಳಿಸಿ, ಚುಕ್ಕಿ ಇಟ್ಟು, ಸುಮ್ಮನಾಗುವ ವಾಕ್ಯ.

ನೀನು ಎಡವಿದ್ದು ಎಲ್ಲಿ ಗೊತ್ತೇ? ನಾವು "ನೀರು ಬಿಸಿ" ಎಂದರೆ ಮುಗಿಯಿತು, ಕ್ರಿಯಾಪದವೇ ಬೇಕಿಲ್ಲ. ಇಂಗ್ಲಿಷಿಗೆ ಅದು ಸಾಲದು. ನಡುವೆ "ಈಸ್" ಬೇಕು: ದಿ ವಾಟರ್ ಈಸ್ ಹಾಟ್. ಆ "ಈಸ್" ಮೊದಲಿಗೆ ಬಂದರೆ ಪ್ರಶ್ನೆಯಾಗುತ್ತದೆ. ಅದನ್ನು ಬಿಟ್ಟೇಬಿಟ್ಟರೆ ಕೇಳುವವನಿಗೆ ನಿನ್ನ ದನಿಯೇ ಗತಿ, ನಿನ್ನ ದನಿಯೋ ಹೆದರಿಕೆಗೆ ಮೇಲಕ್ಕೆ ಹೋಗಿರುತ್ತದೆ. ಹೇಳಿಕೆ ವಾಕ್ಯದ ಕೊನೆಯಲ್ಲಿ ದನಿ ಇಳಿಯಬೇಕು, ಹೊತ್ತ ಮೂಟೆಯನ್ನು ನೆಲಕ್ಕಿಟ್ಟ ಹಾಗೆ.

ಇನ್ನೊಂದು. ನಮ್ಮ ಭಾಷೆಯಲ್ಲಿ ಕರ್ತೃ ಕಾಣದಿದ್ದರೂ ಸಂಸಾರ ನಡೆಯುತ್ತದೆ. "ಬಂದೆ", "ಒಡೆದುಹಾಕಿದರು", ಅಷ್ಟು ಸಾಕು. ಇಂಗ್ಲಿಷಿನಲ್ಲಿ ಯಾರು ಎನ್ನುವುದು ಮೊದಲು, ಮಾಡಿದ್ದು ಆಮೇಲೆ, ಯಾವುದನ್ನು ಎನ್ನುವುದು ಅದರಾಚೆ. ಯಾರು ಎಂದು ಹೇಳದೆ ವಾಕ್ಯ ಶುರುವಾಗುವುದೇ ಇಲ್ಲ.

ಮಕ್ಕಳು ಒಂದು ಪ್ರಶ್ನೆ ಕೇಳುತ್ತಾರೆ, ನೀನೂ ಕೇಳುತ್ತೀಯ. ಸುಳ್ಳು ಹೇಳಿದರೆ ಅದು ಹೇಳಿಕೆ ವಾಕ್ಯವೇ? ಹೌದು. ವ್ಯಾಕರಣಕ್ಕೆ ನಿಜ ಸುಳ್ಳಿನ ಗೊಡವೆಯಿಲ್ಲ.

ನೀನು ಕೆಲಸ ಮಾಡುವ ಜಾಗದ ಬಗ್ಗೆ ಕೆಲವು ವಾಕ್ಯ ಬರೆದು ಕಳಿಸು, ತಿದ್ದುತ್ತೇನೆ. ಫೋನ್ ಮಾಡಲು ಹೋಗಬೇಡ, ನಮ್ಮ ಲೈನ್ ಸರಿಯಿಲ್ಲ. ಕಾಗದವಾದರೆ ಕೆಂಪು ಶಾಯಿಗೆ ಜಾಗವಿರುತ್ತದೆ.

ಮನೆಯಲ್ಲಿ ಎಲ್ಲ ಎಂದಿನಂತೆ. ನಿನ್ನಣ್ಣನದು ಊಟವಾಯಿತು, ಔಷಧಿಯಾಯಿತು, ಈಗ ಮಲಗಿದ್ದಾಯಿತು. ಚಳಿಗೆ ಸ್ವಲ್ಪ ಕೆಮ್ಮು, ಅಷ್ಟೇ.

ನಿನ್ನ ಅತ್ತಿಗೆ


ಮಾರ್ಚ್ ೧೮

ಅತ್ತಿಗೆ,

ದನಿ ಇಳಿಸುವುದನ್ನು ಸ್ನಾನದ ಕೋಣೆಯಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಹಾಸ್ಟೆಲಿನ ಹುಡುಗಿಯರು, ಇವಳಿಗೆ ಏನೋ ಮೆಟ್ಟಿಕೊಂಡಿದೆ ಅಂದುಕೊಂಡಿದ್ದಾರೆ. ವಾಕ್ಯಗಳು ಇಲ್ಲಿವೆ.

ದಿ ರೂಮ್ ಈಸ್ ಹಾಟ್.
ದಿ ಮಷೀನ್ ಈಸ್ ಓಲ್ಡ್.
ದಿ ಬಾರ್ ಈಸ್ ನಾಟ್ ದೇರ್.
ರೋಲರ್ ಈಟ್ ಶೀಟ್.
ಟಾಲ್ ಸಿಸ್ಟರ್ ಈಸ್ ಟಯರ್ಡ್.

ಕೊನೆಯದನ್ನು ಉದ್ದಕ್ಕನಿಗೆ ಓದಿ ಹೇಳಿದೆ. ಅವಳು ನನ್ನನ್ನು ತೋರಿಸಿ, "ಸ್ಮಾಲ್ ಸಿಸ್ಟರ್ ಈಸ್ ಟಯರ್ಡ್" ಎಂದಳು. ಇಬ್ಬರೂ ನಕ್ಕೆವು. ಆಮೇಲೆ ನಗುವುದಕ್ಕೂ ತ್ರಾಣವಿಲ್ಲದೆ ಗೋಡೆಗೆ ಒರಗಿದೆವು. ಈಗ ಆಸ್ಪತ್ರೆ ತುಂಬಿ ತುಳುಕುತ್ತಿದೆ. ಚಾದರ ಎಷ್ಟು ಇಸ್ತ್ರಿ ಮಾಡಿದರೂ ತಳ್ಳುಗಾಡಿ ಖಾಲಿಯಾಗುವುದಿಲ್ಲ. ಸೂಪರ್‌ವೈಸರ್ ಹಿಂದೆ ನಿಂತು "ಫಾಸ್ಟ್, ಫಾಸ್ಟ್" ಎನ್ನುತ್ತಾನೆ. ಇದು ಆಜ್ಞೆಯ ವಾಕ್ಯ ತಾನೇ? ನನಗೆ ಪಾಠವಿಲ್ಲದೆಯೇ ಅರ್ಥವಾಯಿತು.

ಅಣ್ಣನ ಕೆಮ್ಮು ಹೋಯಿತೇ? ನೀವು ಶಾಲೆಯ ಸುದ್ದಿಯನ್ನೇ ಬರೆಯಲಿಲ್ಲ. ಹಿಂದೆಲ್ಲ ಹೆಡ್‌ಮಾಸ್ಟರರನ್ನು ಬೈಯದೆ ನಿಮ್ಮ ಕಾಗದ ಮುಗಿಯುತ್ತಿರಲಿಲ್ಲ.

ಗಿಣಿ


ಏಪ್ರಿಲ್ ೫

ಗಿಣಿ,

ಬೇಗ ಕಲಿಯುತ್ತಿದ್ದೀಯ. ನಿನ್ನ ಕಾಗದವನ್ನೇ ತಿದ್ದಿ ಇದರ ಜೊತೆ ಇಟ್ಟಿದ್ದೇನೆ.

"ರೋಲರ್ ಈಟ್ ಶೀಟ್" ತಪ್ಪು. ಒಂದೇ ರೋಲರ್ ಆದ್ದರಿಂದ ಈಟ್ಸ್, "ಎಸ್" ಬೇಕು. ರೋಲರ್, ಶೀಟ್ ಎರಡರ ಮೊದಲೂ "ದಿ" ಬೇಕು. ದಿ ರೋಲರ್ ಈಟ್ಸ್ ದಿ ಶೀಟ್. ಮಷೀನು ತಿನ್ನುತ್ತದೆ ಎಂದದ್ದು ಚೆನ್ನಾಗಿದೆ, ನನ್ನ ಮಕ್ಕಳಿಗೆ ಇಂಥದ್ದು ಹೊಳೆಯುವುದಿಲ್ಲ.

"ದಿ ಬಾರ್ ಈಸ್ ನಾಟ್ ದೇರ್" ವ್ಯಾಕರಣದ ಮಟ್ಟಿಗೆ ಸರಿ. ಆದರೆ ಯಾವ ಬಾರ್, ಎಲ್ಲಿ ಇಲ್ಲ, ಓದುವವರಿಗೆ ತಿಳಿಯುವುದಿಲ್ಲ. ಕಲಿಯುವಾಗ ಇಲ್ಲದ ವಸ್ತುವಿನ ಬಗ್ಗೆ ಬರೆಯುವ ಬದಲು ಇರುವ ವಸ್ತುವಿನ ಬಗ್ಗೆ ಬರಿ.

ಶಾಲೆಯಲ್ಲಿ ವಿಶೇಷವೇನಿಲ್ಲ. ನಿನ್ನಣ್ಣನ ಕೆಮ್ಮು ಹೋಯಿತು. ನಿನ್ನನ್ನು ಕೇಳಿದ್ದಾಯಿತು. ಬೆನ್ನು ನೋಯುತ್ತಿದೆ, ಇಷ್ಟಕ್ಕೇ ಮುಗಿಸುತ್ತೇನೆ.

ಅತ್ತಿಗೆ


ಮೇ ೧೯

ಅತ್ತಿಗೆ,

ಬರೆಯಲು ತಡವಾಯಿತು. ವಾಕ್ಯಗಳು:

ದಿ ರೋಲರ್ ಈಟ್ಸ್ ದಿ ಶೀಟ್.
ದಿ ರೋಲರ್ ಈಟ್ಸ್ ದಿ ಹ್ಯಾಂಡ್.

ನೀವು ಹೇಳಿದ "ಎಸ್" ಎರಡಕ್ಕೂ ಹಾಕಿದ್ದೇನೆ. "ದಿ" ಕೂಡ.

ಕೈ ಉದ್ದಕ್ಕನದು. ಬಲಗೈ. ಚಾದರದ ತುದಿ ಮಡಿಚಿಕೊಂಡಿತ್ತು, ಬಿಡಿಸಲು ಹೋದಳು. ಉರುಳೆಗಳು ಬೆಂಕಿಯಂತೆ ಕಾದಿರುತ್ತವೆ. ಬೆರಳು ಒಳಗೆ ಹೋಯಿತು, ಅಂಗೈ ಒಳಗೆ ಹೋಯಿತು, ಆಮೇಲೆ ಯಾರೋ ಓಡಿ ಹೋಗಿ ಕರೆಂಟ್ ತೆಗೆದರು. ನಾನು ಚಾದರದ ಇನ್ನೊಂದು ತುದಿ ಹಿಡಿದೇ ನಿಂತಿದ್ದೆನಂತೆ. ಅದನ್ನು ನನ್ನ ಕೈಯಿಂದ ಬಿಡಿಸಲು ಇಬ್ಬರು ಬೇಕಾಯಿತಂತೆ. ಇದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಮಲಗಿದ್ದಾಳೆ. ಕೈ ಉಳಿಯಿತು, ಬೆರಳುಗಳು ಉಳಿಯಲಿಲ್ಲ.

ನೀವು ಯಾವ ಬಾರ್ ಎಂದಿದ್ದಿರಿ. ಉರುಳೆಯ ಬಾಯಿಯ ಮುಂದೆ ಒಂದು ಅಡ್ಡ ಕಂಬಿ ಇರುತ್ತದೆ. ಕೈ ತಗುಲಿದರೆ ಮಷೀನು ತಾನೇ ನಿಲ್ಲುತ್ತದೆ. ದಪ್ಪ ಚಾದರ ತಗುಲಿದರೂ ನಿಲ್ಲುತ್ತದೆ. ಅದರಿಂದ ಕೆಲಸ ಹಿಂದೆ ಬೀಳುತ್ತದೆಂದು ಮಾರ್ಚ್ ಮೊದಲಲ್ಲಿ ಸೂಪರ್‌ವೈಸರ್ ತಾನೇ ಸ್ಪ್ಯಾನರ್ ತಂದು ಅದನ್ನು ಬಿಚ್ಚಿದ. ಸ್ಕ್ರೂಗಳನ್ನು ಇಡಲು ಜಾಗವಿಲ್ಲದೆ ನನ್ನ ಅಂಗೈಗೆ ಹಾಕಿದ. ನಾನು ಹಿಡಿದುಕೊಂಡು ನಿಂತಿದ್ದೆ.

ಈಗ ವಿಚಾರಣೆಗೆ ಆಫೀಸರು ಬರುತ್ತಾರೆ. ಮಷೀನಿನ ಹತ್ತಿರ ಇದ್ದವರೆಲ್ಲ ಹೇಳಿಕೆ ಕೊಡಬೇಕು. ಸೂಪರ್‌ವೈಸರ್ ಎಲ್ಲರಿಗೂ ಒಂದೊಂದು ಚೀಟಿ ಹಂಚಿದ್ದಾನೆ. ಅದರಲ್ಲಿ ಹೀಗಿದೆ:

ದಿ ಬಾರ್ ವಾಸ್ ರಿಮೂವ್ಡ್. ದಿ ವರ್ಕರ್ ವಾಸ್ ಕೇರ್‌ಲೆಸ್.

ನನ್ನ ಚೀಟಿಯ ಮೇಲೆ ಬೆರಳಿಟ್ಟು, ಅರ್ಧ ಇಂಗ್ಲಿಷಿನಲ್ಲಿ ಅರ್ಧ ಕೈಸನ್ನೆಯಲ್ಲಿ, "ಇದನ್ನ ಬಾಯಿಪಾಠ ಮಾಡ್ಕೋ. ಅವರು ಏನು ಕೇಳಿದ್ರೂ ಇಷ್ಟೇ ಹೇಳು, ಗೊತ್ತಾಯ್ತಾ?" ಎಂದ. ಗಿಣಿಗೆ ಹೇಳಿದ ಹಾಗೆ.

ಅತ್ತಿಗೆ, ಈ ವಾಕ್ಯಗಳು ಸರಿಯೇ? ಮೊದಲನೆಯದರಲ್ಲಿ ಯಾರು ಎನ್ನುವುದು ಎಲ್ಲಿದೆ? ಹುಡುಕಿ ಹುಡುಕಿ ಸಾಕಾಯಿತು.

ಗಿಣಿ


ಜೂನ್ ೧

ಗಿಣಿ,

ನೀನು ಕಂಬಿ ಇಲ್ಲ ಎಂದು ಬರೆದೆ. ನಾನು ಇರುವ ವಸ್ತುವಿನ ಬಗ್ಗೆ ಬರಿ ಎಂದು ಬುದ್ಧಿ ಹೇಳಿದೆ. ಇಷ್ಟು ವರ್ಷ ಪಾಠ ಹೇಳಿ ನನಗೆ ಅಕ್ಷರ ಮಾತ್ರ ಕಾಣುವ ಹಾಗಾಗಿದೆಯೋ ಏನೋ. ಈಚೆಗೆ ತಲೆಯೂ ಓಡುತ್ತಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ. ಎರಡೂ ಹೇಳಿಕೆ ವಾಕ್ಯಗಳೇ, ವ್ಯಾಕರಣ ಸರಿಯಾಗಿದೆ. ಆದರೆ ಮೊದಲನೆಯದು ಜಾಣ ವಾಕ್ಯ. ಕಂಬಿ ತೆಗೆಯಲ್ಪಟ್ಟಿತು ಎನ್ನುತ್ತದೆ. ತೆಗೆದವನನ್ನು ಹಿಂಬಾಗಿಲಿನಿಂದ ಕಳಿಸಿ, ಕಂಬಿಯನ್ನು ತಂದು ಕರ್ತೃವಿನ ಜಾಗದಲ್ಲಿ ಕೂರಿಸಿದ್ದಾರೆ. ಇಂಗ್ಲಿಷಿನಲ್ಲಿ ಯಾರು ಎಂದು ಹೇಳದೆ ವಾಕ್ಯ ಶುರುವಾಗುವುದೇ ಇಲ್ಲ ಎಂದು ನಿನಗೆ ಬರೆದಿದ್ದೆ. ತಪ್ಪಿಸಿಕೊಳ್ಳಬೇಕೆನ್ನುವವರಿಗೆ ಅಲ್ಲಿಯೂ ದಾರಿಯಿದೆ. ಎರಡನೆಯ ವಾಕ್ಯದಲ್ಲಿ ಮಾತ್ರ ಯಾರು ಎನ್ನುವುದು ಎದ್ದು ಕಾಣುತ್ತದೆ, ನೋಡು. ಹಾಸಿಗೆಯಲ್ಲಿ ಮಲಗಿರುವವಳು.

ಇದು ಪಾಠವಾಯಿತು. ಇನ್ನು ನಿನ್ನ ಅತ್ತಿಗೆಯಾಗಿ ಹೇಳುತ್ತೇನೆ. ಆ ಚೀಟಿಯಲ್ಲಿದ್ದದ್ದನ್ನು ಹೇಳಿ ಬಂದುಬಿಡು. ನಿನ್ನ ಬಾಯಿಂದ ಅವಳ ಬೆರಳು ಬರುವುದಿಲ್ಲ. ಈಗ ನೀನು ಕೆಲಸ ಕಳೆದುಕೊಳ್ಳುವ ಹೊತ್ತಲ್ಲ. ಏಕೆ ಎಂದು ಕೇಳಬೇಡ. ನನ್ನ ಮೇಲೆ ಕೋಪ ಬರುತ್ತದೆಂದು ಗೊತ್ತು, ಬರಲಿ.

ಮನೆಯಲ್ಲಿ ಎಲ್ಲ ಎಂದಿನಂತೆ.

ಅತ್ತಿಗೆ


ಜೂನ್ ೨೩

ಅತ್ತಿಗೆ,

ನಿಮ್ಮ ಮಾತು ಮೀರಿದೆ. ಮೀರಬೇಕೆಂದು ಹೋಗಿರಲಿಲ್ಲ. ಚೀಟಿ ಬಾಯಿಪಾಠ ಮಾಡಿಕೊಂಡೇ ಹೋಗಿದ್ದೆ.

ವಿಚಾರಣೆ ನಡೆದದ್ದು ನಾವು ಊಟ ಮಾಡುವ ಕೋಣೆಯಲ್ಲಿ. ಆಫೀಸರು ವಯಸ್ಸಾದ ಹೆಂಗಸು, ಕನ್ನಡಕವನ್ನು ದಾರದಲ್ಲಿ ಕಟ್ಟಿ ಕತ್ತಿಗೆ ಹಾಕಿಕೊಂಡಿದ್ದರು. ನಿಮ್ಮಷ್ಟೇ ಸುಸ್ತಾದವರ ಹಾಗಿದ್ದರು. ಸೂಪರ್‌ವೈಸರ್ ಪಕ್ಕದ ಬೆಂಚಿನಲ್ಲಿ ಕೂತಿದ್ದ. ಒಬ್ಬೊಬ್ಬರಾಗಿ ಹೋಗಿ ಚೀಟಿಯಲ್ಲಿದ್ದದ್ದು ಹೇಳಿದರು. ಬಾರ್ ವಾಸ್ ರಿಮೂವ್ಡ್. ಬಾರ್ ವಾಸ್ ರಿಮೂವ್ಡ್. ಆಯಮ್ಮ ಬರೆದುಕೊಳ್ಳುತ್ತಿದ್ದರು.

ನನ್ನ ಸರದಿ ಬಂತು. ನಾನೂ ಹೇಳಿದೆ, ದಿ ಬಾರ್ ವಾಸ್ ರಿಮೂವ್ಡ್. ಆಕೆ ಪೆನ್ನು ಕೆಳಗಿಟ್ಟು, ನನ್ನ ಮುಖ ನೋಡಿ, ನನಗೆ ತಿಳಿಯುವಂತೆ ನಿಧಾನದ ಇಂಗ್ಲಿಷಿನಲ್ಲಿ ಕೇಳಿದರು, "ಹೌದಮ್ಮ, ಯಾರು ತೆಗೆದ್ರು?"

ಚೀಟಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಚೀಟಿಯಲ್ಲಿರುವುದನ್ನೇ ಇನ್ನೊಮ್ಮೆ ಹೇಳಬಹುದಿತ್ತು, ಬೇರೆಯವರು ಹಾಗೇ ಮಾಡಿದ್ದರು. ಆದರೆ ಅತ್ತಿಗೆ, ಆಸ್ಪತ್ರೆಯವರು ಉದ್ದಕ್ಕನನ್ನು ಗಾಲಿಕುರ್ಚಿಯಲ್ಲಿ ತಂದು ಬಾಗಿಲ ಹತ್ತಿರ ಕೂರಿಸಿದ್ದರು. ಅವಳು ನನ್ನನ್ನು ನೋಡುತ್ತಿರಲಿಲ್ಲ. ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟು, ಮಗುವನ್ನು ತಟ್ಟುವ ಹಾಗೆ ಇನ್ನೊಂದು ಕೈಯಿಂದ ಮೆಲ್ಲಗೆ ತಟ್ಟಿಕೊಳ್ಳುತ್ತಿದ್ದಳು.

ನಾನು ಹೇಳಿದೆ, "ದಿ ಸೂಪರ್‌ವೈಸರ್ ರಿಮೂವ್ಡ್ ದಿ ಬಾರ್."

ಸೂಪರ್‌ವೈಸರ್ ನಕ್ಕ. "ಮೇಡಂ, ಇವಳಿಗೆ ಇಂಗ್ಲಿಷ್ ಬರಲ್ಲ. ನನ್ನನ್ನ ಕೇಳ್ತಿದಾಳೆ, ನೀನು ತೆಗೆದ್ಯಾ ಅಂತ. ಇವಳು ಯಾವಾಗ್ಲೂ ಹೀಗೇ."

ಆಕೆ ನನ್ನ ಕಡೆ ತಿರುಗಿ, "ಕೇಳ್ತಿದೀಯೋ, ಹೇಳ್ತಿದೀಯೋ?" ಎಂದರು.

ದನಿಯನ್ನು ನೆಲದವರೆಗೂ ಇಳಿಸಿದೆ. "ಐ ಆಮ್ ನಾಟ್ ಆಸ್ಕಿಂಗ್. ದಿ ಸೂಪರ್‌ವೈಸರ್ ರಿಮೂವ್ಡ್ ದಿ ಬಾರ್. ಐ ಹೆಲ್ಡ್ ದಿ ಸ್ಕ್ರೂಸ್."

ಆಕೆ ಕನ್ನಡಕ ಹಾಕಿಕೊಂಡು ಅಷ್ಟನ್ನೂ ಬರೆದುಕೊಂಡರು. ಓದಿಸಿ ಸಹಿ ಹಾಕಿಸಿಕೊಂಡರು. ಮಾರನೆಯ ದಿನವೇ ನನ್ನನ್ನು ಕೆಳಗಿನ ಕೋಣೆಗೆ ಹಾಕಿದರು. ಹಾಸ್ಟೆಲಿನಲ್ಲಿ ನನ್ನ ಪಕ್ಕ ಊಟಕ್ಕೆ ಕೂರಲು ಜನ ಹಿಂಜರಿಯುತ್ತಾರೆ. ಪಾಪ, ಅವರದೂ ಹೊಟ್ಟೆಪಾಡು.

ಇನ್ನು ನನ್ನದೊಂದು ಪ್ರಶ್ನೆ. ಕೆಳಗಿನ ಕೋಣೆಯಲ್ಲಿ ಕೆಲಸ ಮುಗಿಸಿ ಬಂದವಳಿಗೆ ನಿಮ್ಮ ಹಳೆಯ ಕಾಗದಗಳೇ ಜೊತೆ. ಮೊದಲಿಂದ ಮತ್ತೆ ಓದಿದೆ. ಊಟವಾಯಿತು, ಔಷಧಿಯಾಯಿತು, ಮಲಗಿದ್ದಾಯಿತು, ನಿನ್ನನ್ನು ಕೇಳಿದ್ದಾಯಿತು. ನಿಮ್ಮ ಕಾಗದಗಳಲ್ಲಿ ಅಣ್ಣ ಏನನ್ನೂ ಮಾಡುವುದಿಲ್ಲ ಅತ್ತಿಗೆ. ಎಲ್ಲ ತಾನೇ ಆಗುತ್ತದೆ. ಅವನು ಬೈಯುವುದಿಲ್ಲ, ಅಂಗಡಿಗೆ ಹೋಗುವುದಿಲ್ಲ, ಪೇಪರು ಓದಿ ರೇಗುವುದಿಲ್ಲ. ಊಟ ಮಾಡಿಸಿದವರು ಯಾರು? ಮಲಗಿಸಿದವರು ಯಾರು?

ಹೇಳಿ.

ಗಿಣಿ


ಜುಲೈ ೭

ಗಿಣಿ,

ಊಟ ಮಾಡಿಸುವುದು ನಾನು. ಮಲಗಿಸುವುದು ನಾನು.

ಜನವರಿಯಲ್ಲಿ ನಿನ್ನಣ್ಣನಿಗೆ ಸ್ಟ್ರೋಕ್ ಆಯಿತು. ಬೆಳಿಗ್ಗೆ ಶೇವ್ ಮಾಡಿಕೊಳ್ಳುತ್ತಿದ್ದವರು ಕನ್ನಡಿಯ ಮುಂದೆಯೇ ಕುಸಿದರು. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮಾತು ಹೋಗಿದೆ. ನಾವು ಹೇಳಿದ್ದು ಅರ್ಥವಾಗುತ್ತದೆ, ತಿರುಗಿ ಹೇಳಲಾಗುವುದಿಲ್ಲ. ಬಾಯಿಗೆ ಬರುವುದು ಒಂದೇ ಮಾತು, "ನಾಳೆ". ನೀರು ಬೇಕೇ ಎಂದರೆ ನಾಳೆ. ನೋವಿದೆಯೇ ಎಂದರೆ ನಾಳೆ. ತಾನು ಹೇಳಬೇಕೆಂದದ್ದು ಅದಲ್ಲ ಎಂದು ಅವರಿಗೂ ಗೊತ್ತಾಗುತ್ತದೆ, ಎಡಗೈಯಿಂದ ಮಂಚ ಗುದ್ದುತ್ತಾರೆ. ಮೊದಮೊದಲು ನಾನು ಅಳುತ್ತಿದ್ದೆ. ಈಗ ನಾಳೆ ಎಂದ ದನಿಯಲ್ಲೇ ಯಾವುದು ನೀರು, ಯಾವುದು ನೋವು ಎಂದು ತಿಳಿಯುತ್ತದೆ. ನಿನ್ನ ಕಾಗದ ಓದಿ ಹೇಳಿದರೆ ಬರುವ ನಾಳೆಯೇ ಬೇರೆ.

ಶಾಲೆಗೆ ಆಗಿನಿಂದ ರಜೆ ಹಾಕಿದ್ದೇನೆ. ಹೆಡ್‌ಮಾಸ್ಟರರನ್ನು ಬೈಯಲು ಅವರು ಕಣ್ಣಿಗೆ ಬಿದ್ದರೆ ತಾನೇ. ಮಾತು ಕಲಿಸುವವರು ವಾರಕ್ಕೊಮ್ಮೆ ಬರುತ್ತಾರೆ. ಉಳಿದ ದಿನ ನಾನೇ ಕೂರಿಸಿಕೊಂಡು, ಇದು ಲೋಟ, ಇದು ದಿಂಬು ಎಂದು ಹೇಳಿಕೊಡುತ್ತೇನೆ.

ನಿನಗೆ ಹೇಳಿದ್ದರೆ ನೀನು ಮಾರನೆಯ ದಿನವೇ ಹೊರಟುಬರುತ್ತಿದ್ದೆ. ನಿನ್ನನ್ನು ಅಲ್ಲಿಗೆ ಕಳಿಸಲು ಅವರು ಪಟ್ಟ ಪಾಡು ನನಗೆ ಗೊತ್ತಿತ್ತು. ಅವರ ದುಡಿಮೆ ನಿಂತ ಮೇಲೆ ನಿನ್ನದಾದರೂ ಇರಲಿ ಎಂದು ಲೆಕ್ಕ ಹಾಕಿದ್ದೂ ನಿಜ. ಅದಕ್ಕೇ ಸುಮ್ಮನಿರು ಎಂದು ಬರೆದೆ.

ವಿಚಾರಣೆಯ ಕಾಗದವನ್ನು ಅವರಿಗೆ ಓದಿ ಹೇಳಿದೆ. "ಐ ಹೆಲ್ಡ್ ದಿ ಸ್ಕ್ರೂಸ್" ಎಂಬಲ್ಲಿಗೆ ಬಂದಾಗ ನನ್ನ ಕೈ ಹಿಡಿದು ನಿಲ್ಲಿಸಿದರು. ಮತ್ತೆ ಓದು ಎನ್ನುವ ಹಾಗೆ ಕಾಗದ ತೋರಿಸಿದರು. ಮತ್ತೆ ಓದಿದೆ.

ಗಿಣಿ, ನನಗೆ ಸಾಕಾಗಿದೆ. ಯಾರ ಹತ್ತಿರವೂ ಹೀಗೆಂದಿರಲಿಲ್ಲ.

ಅತ್ತಿಗೆ


ಜುಲೈ ೨೫

ಅತ್ತಿಗೆ,

ನಿಮ್ಮ ಕಾಗದ ಬಂದ ಮೇಲೆ ಮೊದಲು ಕೋಪ ಬಂತು. ಬರೆದಿದ್ದರೆ ಏನೇನೋ ಬರೆದುಬಿಡುತ್ತಿದ್ದೆ, ಬರೆಯಲಿಲ್ಲ. ಕೊಳಕು ಬಟ್ಟೆ ಬೇರೆ ಮಾಡುವಾಗ ಮುಖಕ್ಕೆ ಬಟ್ಟೆ ಕಟ್ಟಿಕೊಂಡಿರುತ್ತೇವೆ. ಅತ್ತರೆ ಯಾರಿಗೂ ಕಾಣುವುದಿಲ್ಲ. ಅತ್ತೆ. ಆಮೇಲೆ ನೀವು ಒಬ್ಬರೇ ಅಣ್ಣನನ್ನು ಮಗ್ಗುಲು ಬದಲಿಸಿ ಮಲಗಿಸುವುದನ್ನು ನೆನೆಸಿಕೊಂಡೆ. ಅವನು ಸಣ್ಣ ಆಳಲ್ಲ. ಬೆನ್ನು ನೋಯುತ್ತಿದೆ ಎಂದು ನೀವು ಬರೆದಿದ್ದಿರಿ, ನಾನು ಅದನ್ನು ಓದಿ ಮುಂದೆ ಹೋಗಿದ್ದೆ. ನಾನೂ ಅಕ್ಷರ ಮಾತ್ರ ಓದಿದವಳೇ.

ಇಲ್ಲಿಯ ಸುದ್ದಿ. ಆಫೀಸರಮ್ಮ ತೀರ್ಪು ಕಳಿಸಿದ್ದಾರೆ. ತಪ್ಪು ಉದ್ದಕ್ಕನದಲ್ಲ ಎಂದಾಯಿತು. ಅವಳ ಚಿಕಿತ್ಸೆಯೆಲ್ಲ ಆಸ್ಪತ್ರೆಯದು. ವಾಸಿಯಾದ ಮೇಲೆ ಕೂತು ಮಾಡುವ ಕೆಲಸ ಕೊಡಬೇಕು. ಕಂಬಿ ಮತ್ತೆ ಹಾಕಿದ್ದಾರೆ. ಸೂಪರ್‌ವೈಸರನನ್ನು ಉಗ್ರಾಣಕ್ಕೆ ಹಾಕಿದ್ದಾರೆ, ಅಲ್ಲಿ ಸೋಪಿನ ಡಬ್ಬಗಳಿಗೆ "ಫಾಸ್ಟ್" ಎನ್ನುತ್ತಿರಬಹುದು. ನನಗೆ, ಒಪ್ಪಂದ ಮುಂದುವರಿಸುವುದಿಲ್ಲ ಎಂದು ಪತ್ರ ಬಂತು. ಅದರಲ್ಲೂ ಯಾರು ಮುಂದುವರಿಸುವುದಿಲ್ಲ ಎಂದು ಬರೆದಿಲ್ಲ.

ಉದ್ದಕ್ಕನನ್ನು ನೋಡಿ ಬಂದೆ. ಅವಳು ಎಡಗೈಯಿಂದ ನನ್ನ ತಲೆಗೂದಲು ಬಾಚಿದಳು. ಸರಿಯಾಗಿ ಬರಲಿಲ್ಲ, ಬೈತಲೆ ಸೊಟ್ಟಗಾಯಿತು. ಹಾಗೇ ಬಿಟ್ಟುಕೊಂಡು ಬಂದೆ.

ನಾನು ಬರುತ್ತಿದ್ದೇನೆ ಅತ್ತಿಗೆ. ಬೇಡ ಎಂದು ಬರೆಯಬೇಡಿ, ಆ ಕಾಗದ ಬರುವ ಹೊತ್ತಿಗೆ ನಾನಿಲ್ಲಿರುವುದಿಲ್ಲ. ಕೆಲಸ ಹೋಯಿತು, ಕೈ ಗಟ್ಟಿಯಾಗಿದೆ. ನೀವು ಶಾಲೆಗೆ ಹೋಗಿ, ಅಣ್ಣನನ್ನು ನಾನು ನೋಡಿಕೊಳ್ಳುತ್ತೇನೆ. ಮಗ್ಗುಲಾಗಿಸುವುದು ಹೇಗೆಂದು ಇಲ್ಲಿಯ ನರ್ಸ್ ಒಬ್ಬರ ಹತ್ತಿರ ಕೇಳಿ ಕಲಿತಿದ್ದೇನೆ. ಬೆನ್ನು ಬಗ್ಗಿಸಬಾರದಂತೆ, ಮಂಡಿ ಬಗ್ಗಿಸಬೇಕಂತೆ.

ಮುಂದಿನ ತಿಂಗಳ ಎರಡನೆಯ ವಾರ ತಲುಪುತ್ತೇನೆ. ಸ್ಟೇಷನ್ನಿಗೆ ಯಾರೂ ಬರುವುದು ಬೇಡ, ನನಗೆ ದಾರಿ ಗೊತ್ತು. ನನಗೆಂದು ಅಡುಗೆ ಮಾಡಿಟ್ಟು ಕಾಯಬೇಡಿ. ಬಂದು ಕೈಕಾಲು ತೊಳೆದು ಅಣ್ಣನ ಪಕ್ಕ ಕೂರುತ್ತೇನೆ. ನೀವು ಒಳಗಿನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ಮಲಗಿ. ಯಾರು ಬಂದರೂ ಎಬ್ಬಿಸುವುದಿಲ್ಲ. ಊಟಕ್ಕೂ ಎಬ್ಬಿಸುವುದಿಲ್ಲ.

ಗಿಣಿ